ಹಳೆ ಕಂಪ್ಯೂಟರ್ ಕೊಡ್ತೀರಾ? ಮೊದಲು ಹಾರ್ಡ್ ಡಿಸ್ಕ್ ಪೂರ್ತಿ ಅಳಿಸಿ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಎದುರಿಗೆ ಒಂದು ಉಡುಪಿ ಹೋಟೆಲ್ ಇದೆ. ಅಲ್ಲಿಯ ಧಣಿ ಕಳೆದ ದಸರೆಗೆ ಗಲ್ಲಾದ ಪಕ್ಕದ ಹಳೆ ಕಂಪ್ಯೂಟರ್ ತೆಗೆದು ಹೊಸದು ತಂದರು. ಹಳೆಯದನ್ನು ಸಪ್ಲೈಯರ್ ಹುಡುಗನ ತಂಗಿಗೆ ಕೊಡುವುದು ಅಂತ ಆಯಿತು. ಅವಳು ಈಗಷ್ಟೇ ಕಾಲೇಜಿಗೆ ಸೇರಿದ್ದಾಳೆ. "ಕೊಡುವ ಮೊದಲು ಒಮ್ಮೆ ನೋಡು ಮಾರಾಯ. ನಾನು ಎಲ್ಲಾ ಡಿಲೀಟ್ ಮಾಡಿದ್ದೇನೆ, ರಿಸೈಕಲ್ ಬಿನ್ ಕೂಡ ಖಾಲಿ" ಅಂತ ಫೋನ್ ಮಾಡಿದರು. ಸಂಜೆ ಹುಡುಗ ಸಿಪಿಯು ಹೊತ್ತು ತಂದ. ಡಬ್ಬಿಯ ಬದಿ ತೆಗೆದರೆ ಫ್ಯಾನಿನ ರೆಕ್ಕೆಗೆಲ್ಲ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು. ಮನೆಯೆಲ್ಲ ಸಾಂಬಾರಿನ ವಾಸನೆ.

ಆ ಡಿಸ್ಕಿನ ಮೇಲೆ ಫೋಟೋರೆಕ್ ಅನ್ನುವ ಉಚಿತ ತಂತ್ರಾಂಶ ಓಡಿಸಿದೆ. ಅಳಿಸಿದ ಫೈಲುಗಳನ್ನು ಹುಡುಕಿ ತರುವುದೇ ಅದರ ಕೆಲಸ. ಹಳೆ ಹೆಸರುಗಳು ಸಿಗುವುದಿಲ್ಲ. 'ಎಫ್' ಅಕ್ಷರ ಹಾಕಿ ಮುಂದೆ ಒಂದು ಉದ್ದದ ನಂಬರ್ ಕೊಟ್ಟು ಸಾಲಾಗಿ ಇಡುತ್ತದೆ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಧಣಿಯ ಪ್ಯಾನ್ ಕಾರ್ಡ್ ಸಿಕ್ಕಿತ್ತು. ಹದಿನಾಲ್ಕು ಜನ ಕೆಲಸದವರ ಆಧಾರ್ ಸ್ಕ್ಯಾನ್ ಸಿಕ್ಕಿತ್ತು. ಬ್ಯಾಂಕ್ ಸ್ಟೇಟ್‌ಮೆಂಟ್, ಮಗಳ ಮದುವೆಯ ಲೆಕ್ಕ, ಊರಿನ ದೈವದ ಕೋಲದ ಫೋಟೋಗಳು, ಎಲ್ಲಾ ಇದ್ದವು. ಧಣಿಯನ್ನು ಕರೆದು ತೋರಿಸಿದೆ. ಅವರು ತಮ್ಮ ಪ್ಯಾನ್ ಕಾರ್ಡಿಗಿಂತ ಕೆಲಸದವರ ಆಧಾರ್ ನೋಡಿಯೇ ಜಾಸ್ತಿ ಗಾಬರಿಯಾದರು. "ಅವು ನನ್ನ ನಂಬಿ ಕೊಟ್ಟದ್ದಲ್ವಾ" ಅಂದರು.

ಆ ರಾತ್ರಿ ಮಾಡಿದ ಕೆಲಸವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು. ಕಂಪ್ಯೂಟರಿನಲ್ಲಿ ಇರುವುದು ತಿರುಗುವ ಹಾರ್ಡ್ ಡಿಸ್ಕೋ, ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಫೈಲ್ ಇಡುವ ಎಸ್‌ಎಸ್‌ಡಿಯೋ ಅನ್ನುವುದು ಗೊತ್ತಾಗದೆ ಏನನ್ನೂ ಶುರು ಮಾಡಬೇಡಿ. ಒಂದಕ್ಕೆ ಸರಿಯಾದ ದಾರಿ ಇನ್ನೊಂದಕ್ಕೆ ಅರ್ಧಂಬರ್ಧ.

ಡಿಲೀಟ್ ಒತ್ತಿದರೆ ಏನಾಗುತ್ತದೆ

ಮುಂಬಯಿಯ ಸೊಸೈಟಿಗಳಲ್ಲಿ ಲಿಫ್ಟಿನ ಪಕ್ಕ ಹೆಸರಿನ ಬೋರ್ಡ್ ಇರುತ್ತದಲ್ಲ? 304ರ ಮುಂದಿನ ಹೆಸರಿನ ಪಟ್ಟಿ ಕಿತ್ತರೆ ಆ ಮನೆಯವರು ಖಾಲಿ ಮಾಡಿದ ಹಾಗೆ ಆಯಿತಾ? ಒಳಗೆ ಮಂಚ, ಕಪಾಟು, ಕುಕ್ಕರ್ ಎಲ್ಲಾ ಇದ್ದಲ್ಲೇ ಇವೆ. ಡಿಲೀಟ್ ಮಾಡಿದಾಗ ಕಂಪ್ಯೂಟರ್ ಬೋರ್ಡಿನ ಪಟ್ಟಿ ಮಾತ್ರ ಕೀಳುತ್ತದೆ, 'ಈ ಜಾಗ ಬೇಕಾದರೆ ಬೇರೆಯವರಿಗೆ ಕೊಡಬಹುದು' ಅಂತ ಗುರುತು ಹಾಕಿಕೊಳ್ಳುತ್ತದೆ. ಹೊಸ ಫೈಲ್ ಬಂದು ಅದೇ ಜಾಗದಲ್ಲಿ ಕೂರುವ ತನಕ ಹಳೆಯದು ಹೋಗುವುದಿಲ್ಲ. ಕ್ವಿಕ್ ಫಾರ್ಮ್ಯಾಟ್ ಅಂದರೆ ಇಡೀ ಬೋರ್ಡ್ ತೆಗೆದು ಖಾಲಿ ಬೋರ್ಡ್ ಹಾಕುವುದು, ಅಷ್ಟೇ. 'ಕ್ವಿಕ್' ಅನ್ನುವ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಬೇರೆ ಮಾತು. ವಿಂಡೋಸ್ ವಿಸ್ಟಾದಿಂದ ಈಚೆಗೆ ಅದು ಆ ಡ್ರೈವಿನ ಉದ್ದಕ್ಕೂ ಸೊನ್ನೆ ಬರೆಯುತ್ತದೆ.

ಇದು ನಮ್ಮ ಧಣಿಯೊಬ್ಬರ ತಪ್ಪಲ್ಲ. ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ ಎಂಬ ಇಬ್ಬರು ಎಂಐಟಿಯಲ್ಲಿ ಓದುತ್ತಿದ್ದಾಗ 158 ಸೆಕೆಂಡ್ ಹ್ಯಾಂಡ್ ಡಿಸ್ಕ್‌ಗಳನ್ನು ಕೊಂಡು ತೆರೆದು ನೋಡಿದರು. 2003ರಲ್ಲಿ ಅದರ ವರದಿ ಬಂತು. ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಲ್ಲಿ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ನಂಬರುಗಳಿದ್ದವು.

ಮೊದಲು ಬೇಕಾದ್ದನ್ನು ಹೊರಗೆ ತೆಗೆಯಿರಿ

ಅಳಿಸುವ ಕೆಲಸದಲ್ಲಿ ಜಾಸ್ತಿ ಸಮಯ ಹೋಗಬೇಕಾದ್ದು ಇಲ್ಲಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲರಿಗೂ ನೆನಪಿರುತ್ತವೆ. ಮರೆತು ಹೋಗುವುದು ಬೇರೆಯೇ.

ಅಂಗಡಿಯ ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಇದ್ದರೆ ಅದರ ಲೆಕ್ಕ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ, ಟ್ಯಾಲಿಯದೇ ಫೋಲ್ಡರಿನಲ್ಲಿ ಇರುತ್ತದೆ. ಸುಮ್ನೆ ಫೋಲ್ಡರ್ ಹುಡುಕುತ್ತಾ ಕೂರುವ ಬದಲು ಟ್ಯಾಲಿ ತೆರೆದು ಅದರೊಳಗಿಂದಲೇ ಬ್ಯಾಕಪ್ ತೆಗೆಯಿರಿ. ಹಾಗೆಯೇ ಲೈಸೆನ್ಸ್ ಸರೆಂಡರ್ ಮಾಡಿ. ಇಲ್ಲದಿದ್ದರೆ ಹೊಸ ಕಂಪ್ಯೂಟರಿನಲ್ಲಿ ಹಾಕುವಾಗ ತಕರಾರು ಮಾಡುತ್ತದೆ. ಔಟ್‌ಲುಕ್‌ನಲ್ಲಿ ಮೇಲ್ ಇಟ್ಟುಕೊಂಡವರು ಅದರ ಡೇಟಾ ಫೈಲನ್ನು ಹೊರಗೆ ತೆಗೆದಿಡಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು ನಿಮ್ಮ ಖಾತೆಗೆ ಸೇರಿವೆಯೋ, ಈ ಒಂದು ಕಂಪ್ಯೂಟರಿನಲ್ಲೇ ಇವೆಯೋ ನೋಡಿಕೊಳ್ಳಿ.

ನಮ್ಮವರಿಗೆ ಇನ್ನೊಂದು ಇದೆ. ಸಂಘದ ವರದಿ, ಆಮಂತ್ರಣ, ಯಕ್ಷಗಾನದ ಪ್ರಸಂಗ ಅಂತ ವರ್ಷಗಟ್ಟಲೆ ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿಟ್ಟ ಫೈಲುಗಳು. ಹಳೆಯವು ಎಲ್ಲಾ ಕಂಪ್ಯೂಟರಿನಲ್ಲೂ ಓದಲಾಗುವ ಯೂನಿಕೋಡ್ ಅಲ್ಲ. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಫೈಲ್ ಕೆಟ್ಟಿತು ಅಂದುಕೊಂಡು ಬಿಸಾಡಿದವರನ್ನು ನೋಡಿದ್ದೇನೆ. ಅದಕ್ಕೇ ಫೈಲಿನ ಜೊತೆ ಆ ಫಾಂಟುಗಳನ್ನೂ ನಕಲು ಮಾಡಿಕೊಳ್ಳಿ. ಸಾಧ್ಯವಾದರೆ ಈಗಲೇ ಯೂನಿಕೋಡಿಗೆ ಬದಲಾಯಿಸಿ ಇಡಿ.

ಈ ವಿಷಯದಲ್ಲಿ ನಾನೇ ಬೆರಳು ಸುಟ್ಟುಕೊಂಡಿದ್ದೇನೆ. ನಮ್ಮ ಹಳೆ ಕಂಪ್ಯೂಟರಿನ ಡೆಸ್ಕ್‌ಟಾಪಿನಲ್ಲಿ 'ಮಗಳ ನಾಮಕರಣ' ಅಂತ ಒಂದು ಫೋಲ್ಡರ್ ಇತ್ತು. ಪೆನ್ ಡ್ರೈವಿಗೆ ಎಳೆದು ಹಾಕಿದೆ. ಕ್ಷಣದಲ್ಲಿ ಕಾಪಿ ಆಯಿತು. ಎಷ್ಟು ಬೇಗ ಅಂತ ಖುಷಿಪಟ್ಟೆ. ಡಿಸ್ಕ್ ಅಳಿಸಿದ ಮೇಲೆ ನೋಡಿದರೆ ಅದು ಫೋಲ್ಡರ್ ಅಲ್ಲ, ಶಾರ್ಟ್‌ಕಟ್. ಚಿತ್ರದ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಇತ್ತು, ನಾನು ಗಮನಿಸಿರಲಿಲ್ಲ. ಒಟ್ಟು ಗಾತ್ರ 2 ಕೆಬಿ. ಭಾವನ ಫೋನಿನಲ್ಲಿ ಉಳಿದಿದ್ದ ಹನ್ನೊಂದು ಫೋಟೋ ಬಿಟ್ಟರೆ ಬೇರೆ ಇಲ್ಲ. ಹೆಂಡತಿ ಈಗಲೂ ಅದನ್ನು ಎತ್ತುತ್ತಾಳೆ.

ಅಂದಿನಿಂದ ನನ್ನದು ಒಂದು ಪದ್ಧತಿ. ಕಾಪಿ ಮಾಡಿದ ಡ್ರೈವನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಅಲ್ಲಿ ನಾಲ್ಕೈದು ಫೈಲ್ ತೆರೆದು ನೋಡುತ್ತೇನೆ. ಫೋಲ್ಡರಿನ ಗಾತ್ರವನ್ನೂ ಹೋಲಿಸುತ್ತೇನೆ. ಸಾಧ್ಯವಾದರೆ ಎರಡು ದಿನ ಬಿಟ್ಟೇ ಅಳಿಸುತ್ತೇನೆ. 'ಅಯ್ಯೋ ಅದೊಂದು ಇತ್ತು' ಅಂತ ಯಾರಿಗಾದರೂ ನೆನಪಾಗುವುದು ಯಾವಾಗಲೂ ಮರುದಿನವೇ.

ಖಾತೆಗಳಿಂದ ಹೊರಬರುವುದೂ ಈಗಲೇ ಆಗಲಿ. ಬ್ರೌಸರಿನಲ್ಲಿ ಗೂಗಲ್ ಸೈನ್ ಔಟ್. ಫೋನಿನ ವಾಟ್ಸಾಪಿನಲ್ಲಿ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಈ ಕಂಪ್ಯೂಟರನ್ನು ಲಾಗ್ ಔಟ್ ಮಾಡಿ. ಮೈಕ್ರೋಸಾಫ್ಟ್ ಖಾತೆಯ ಸಾಧನಗಳ ಪಟ್ಟಿಯಿಂದಲೂ ತೆಗೆಯಿರಿ. ಕಂಪ್ಯೂಟರ್ ಆನ್ ಆಗುವಾಗ ಎಲ್ಲಕ್ಕಿಂತ ಮೊದಲು ಓಡುವ ಬಯಾಸ್‌ಗೆ ಪಾಸ್‌ವರ್ಡ್ ಹಾಕಿದ್ದರೆ ಅದನ್ನು ತೆಗೆಯದೆ ಕೊಟ್ಟರೆ ಪಡೆದವರಿಗೆ ಕಂಪ್ಯೂಟರ್ ಬರೀ ಡಬ್ಬಿ.

ಒಳಗೆ ಯಾವ ಡಿಸ್ಕ್ ಇದೆ

ವಿಂಡೋಸ್ 10 ಅಥವಾ 11 ಆದರೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ಗೆ ಹೋಗಿ. ಎಡಗಡೆ ಡಿಸ್ಕ್ 0, ಡಿಸ್ಕ್ 1 ಅಂತ ಇದ್ದು, ಕೆಳಗೆ ಎಚ್‌ಡಿಡಿ (ತಿರುಗುವ ಹಾರ್ಡ್ ಡಿಸ್ಕ್) ಅಥವಾ ಎಸ್‌ಎಸ್‌ಡಿ ಎಂದು ಬರೆದಿರುತ್ತದೆ. ಹಳೆ ವಿಂಡೋಸ್ ಆದರೆ ಡಬ್ಬಿಗೆ ಕಿವಿ ಕೊಡಿ. ಗುಂಯ್ ಅನ್ನುವ ಸದ್ದು, ನಡುವೆ ಕಟಕಟ ಇದ್ದರೆ ತಿರುಗುವ ಡಿಸ್ಕ್. ಫ್ಯಾನಿನ ಸದ್ದಿಗೆ ಮೋಸ ಹೋಗಬೇಡಿ.

ಎಷ್ಟು ಡಿಸ್ಕ್ ಇವೆ ಅಂತಲೂ ಎಣಿಸಿ. ಕಂಪ್ಯೂಟರ್ ನಿಧಾನ ಆಯಿತು ಅಂತ ಮುಂಬಯಿಯ ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಒಯ್ದವರಿಗೆ ಅಂಗಡಿಯವರು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿ, ಹಳೆ ಡಿಸ್ಕನ್ನು 'ಡಿ ಡ್ರೈವ್ ಆಗಿ ಇರಲಿ' ಅಂತ ಬಿಟ್ಟಿರುತ್ತಾರೆ. ಜನ ಸಿ ಡ್ರೈವ್ ಮಾತ್ರ ತೊಳೆದು ಕೊಟ್ಟುಬಿಡುತ್ತಾರೆ. ಹತ್ತು ವರ್ಷದ ಸಂಸಾರವೆಲ್ಲ ಡಿಯಲ್ಲಿ. ಡಿವಿಡಿ ಟ್ರೇ ಕೂಡ ಒಮ್ಮೆ ತೆಗೆದು ನೋಡಿ. ಧಣಿಯ ಕಂಪ್ಯೂಟರಿನಲ್ಲಿ ಅವರ ಮಂಡಿ ಆಪರೇಶನ್ನಿನ ಆಸ್ಪತ್ರೆ ಸಿಡಿ ಇತ್ತು.

ಸುಲಭದ ದಾರಿ: ವಿಂಡೋಸ್ ರೀಸೆಟ್

ವಿಂಡೋಸ್ ಸಮೇತ ಗುರುತಿನವರಿಗೆ ಕೊಡುವುದಾದರೆ ಇದು ಸಾಕು. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಅಪ್‌ಡೇಟ್ ಅಂಡ್ ಸೆಕ್ಯುರಿಟಿ, ರಿಕವರಿ. 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ. ಅಲ್ಲಿ ರೀಸೆಟ್ ದಿಸ್ ಪಿಸಿ ಒತ್ತಿ, 'ರಿಮೂವ್ ಎವರಿಥಿಂಗ್' ಆರಿಸಿ. ಮುಂದೆ ಒತ್ತುತ್ತಾ ಹೋಗಬೇಡಿ, ಇಲ್ಲೇ ಜನ ಎಡವುವುದು. 'ಚೇಂಜ್ ಸೆಟ್ಟಿಂಗ್ಸ್' ಅಂತ ಸಣ್ಣದಾಗಿ ಒಂದು ಕೊಂಡಿ ಇರುತ್ತದೆ. ಅದನ್ನು ತೆರೆದು 'ಕ್ಲೀನ್ ಡೇಟಾ' ಯೆಸ್ ಮಾಡಿ. ಒಂದಕ್ಕಿಂತ ಹೆಚ್ಚು ಡ್ರೈವ್ ಇದ್ದರೆ ಎಲ್ಲಾ ಡ್ರೈವಿನಿಂದ ಫೈಲ್ ತೆಗೆಯುವ ಆಯ್ಕೆಯನ್ನೂ ಯೆಸ್ ಮಾಡಿ. ಇದು ಮಾಡದಿದ್ದರೆ ರೀಸೆಟ್ ಆದದ್ದು ಬೋರ್ಡ್ ಬದಲಾಯಿಸಿದ ಹಾಗೆಯೇ. ಬ್ಯಾಕಪ್ ಡ್ರೈವ್, ಪೆನ್ ಡ್ರೈವ್ ಏನಾದರೂ ಸಿಕ್ಕಿಸಿದ್ದರೆ ಮೊದಲು ಕಿತ್ತಿಡಿ.

ತಾಸುಗಟ್ಟಲೆ ಹಿಡಿಯುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಇರಲಿ. ಕೊನೆಗೆ ದೇಶ ಯಾವುದು, ಭಾಷೆ ಯಾವುದು ಅಂತ ಕೇಳುವ ಪರದೆ ಬರುತ್ತದೆ. ಅಲ್ಲಿಗೇ ಪವರ್ ಬಟನ್ ಒತ್ತಿ ಆಫ್ ಮಾಡಿ. ಮುಂದಿನದ್ದನ್ನು ಹೊಸ ಮಾಲೀಕರು ತುಂಬಿಕೊಳ್ಳಲಿ.

ಈ ರೀಸೆಟ್ ಮನೆ ಬಳಕೆಯವರಿಗಾಗಿ ಮಾಡಿದ್ದು, ಸರಕಾರ ಮತ್ತು ಉದ್ಯಮಗಳ ಅಳಿಸುವಿಕೆ ಮಟ್ಟಕ್ಕೆ ಹೊಂದುವುದಿಲ್ಲ ಅಂತ ಮೈಕ್ರೋಸಾಫ್ಟ್ ತಾನೇ ಹೇಳುತ್ತದೆ. ಹದಿನಾಲ್ಕು ಜನರ ಆಧಾರ್ ಇದ್ದ ಡಿಸ್ಕಿಗೆ ನಾನು ಇದನ್ನು ನೆಚ್ಚಿಕೊಳ್ಳಲಿಲ್ಲ. ಮೇಲಾಗಿ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಹಳೆ ಯಂತ್ರಕ್ಕೆ 11 ಹತ್ತುವುದಿಲ್ಲ. ಹುಡುಗಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಸಿಸ್ಟಮ್ ಹಾಕಿ ಕೊಡುವುದು ಅಂತ ಮೊದಲೇ ಲೆಕ್ಕ ಹಾಕಿದ್ದೆ.

ತಿರುಗುವ ಡಿಸ್ಕಿಗೆ ಗಟ್ಟಿ ದಾರಿ: ಉದ್ದಕ್ಕೂ ಸೊನ್ನೆ

ಇಡೀ ಡಿಸ್ಕಿನ ಮೇಲೆ ಮೊದಲಿನಿಂದ ಕೊನೆತನಕ ಸೊನ್ನೆ ಬರೆಯುವುದು. ಮನೆ ಮನೆಗೂ ಹೋಗಿ ಸಾಮಾನೆಲ್ಲ ಹೊರಹಾಕಿ ಸುಣ್ಣ ಬಳಿದ ಹಾಗೆ. ಎರಡು ರೀತಿ ಹೇಳುತ್ತೇನೆ, ಯಾವುದು ಕೈಗೆ ಬಂದರೆ ಅದು.

ಒಂದು, ವಿಂಡೋಸಿನ ಡಿಸ್ಕ್‌ಪಾರ್ಟ್. ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿಕೊಂಡು ಕನಿಷ್ಠ 8 ಜಿಬಿಯ ಪೆನ್ ಡ್ರೈವಿನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಮಾಡಿಕೊಳ್ಳಿ. ಆ ಪೆನ್ ಡ್ರೈವಿನಲ್ಲಿ ಮೊದಲಿದ್ದದ್ದು ಹೋಗುತ್ತದೆ, ನೆನಪಿರಲಿ. ಆಮೇಲೆ:

1. ಹಳೆ ಕಂಪ್ಯೂಟರಿನಿಂದ ಬೇರೆಲ್ಲಾ ಯುಎಸ್‌ಬಿ ಡ್ರೈವ್ ಕಿತ್ತಿಡಿ. ಡೆಸ್ಕ್‌ಟಾಪಿನಲ್ಲಿ ಉಳಿಸಿಕೊಳ್ಳಬೇಕಾದ ಡಿಸ್ಕ್ ಇದ್ದರೆ, ಆಫ್ ಮಾಡಿ ಅದರ ಸಾಟಾ ಕೇಬಲ್ ಕಳಚಿ. ಕೈ ತಪ್ಪಿದರೂ ಅದು ಬದುಕುತ್ತದೆ.

2. ಪೆನ್ ಡ್ರೈವ್ ಹಾಕಿ ರೀಸ್ಟಾರ್ಟ್ ಮಾಡಿ, ಯಾವ ಡ್ರೈವಿನಿಂದ ಶುರುವಾಗಬೇಕು ಅಂತ ಕೇಳುವ ಬೂಟ್ ಮೆನುವಿನ ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಶಟ್‌ಡೌನ್ ಮಾಡಿ ಆನ್ ಮಾಡುವುದಕ್ಕಿಂತ ರೀಸ್ಟಾರ್ಟ್ ಒಳ್ಳೆಯದು, ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದು ಆಗಲೇ.

3. ಭಾಷೆ ಕೇಳುವ ನೀಲಿ ಪರದೆ ಬಂದಾಗ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಯನ್ನೂ ಸೇರಿಸಬೇಕು. ಕಪ್ಪು ಕಿಟಕಿ ತೆರೆಯುತ್ತದೆ.

4. 'ಡಿಸ್ಕ್‌ಪಾರ್ಟ್' (diskpart) ಅಂತ ಟೈಪ್ ಮಾಡಿ ಎಂಟರ್. ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ. ಆಮೇಲೆ 'ಲಿಸ್ಟ್ ಡಿಸ್ಕ್' (list disk). ಡಿಸ್ಕುಗಳ ಪಟ್ಟಿ ಗಾತ್ರದ ಸಮೇತ ಬರುತ್ತದೆ. 500 ಜಿಬಿ ಡಿಸ್ಕ್ ಇಲ್ಲಿ 465 ಜಿಬಿ ಅಂತ ಕಾಣುತ್ತದೆ. ಎಣಿಕೆಯ ಕ್ರಮ ಬೇರೆ, ಡಿಸ್ಕ್ ಹಾಳಾಗಿಲ್ಲ.

5. ಬೇಕಾದ ಡಿಸ್ಕ್ 0 ಆಗಿದ್ದರೆ 'ಸೆಲೆಕ್ಟ್ ಡಿಸ್ಕ್ 0' (select disk 0). ತಕ್ಷಣ 'ಡೀಟೇಲ್ ಡಿಸ್ಕ್' (detail disk) ಕೊಟ್ಟು ಕಂಪನಿ ಹೆಸರು, ಮಾಡೆಲ್ ಓದಿ. ಜೋರಾಗಿ ಓದಿದರೆ ಇನ್ನೂ ಒಳ್ಳೆಯದು.

6. ಈಗ 'ಕ್ಲೀನ್ ಆಲ್' (clean all). ಬರೀ 'ಕ್ಲೀನ್' ಅಲ್ಲ. ಬರೀ ಕ್ಲೀನ್ ಕೊಟ್ಟರೆ ವಿಭಾಗಗಳ ಪಟ್ಟಿ ಮಾತ್ರ ಹೋಗುತ್ತದೆ, ಆಲ್ ಸೇರಿಸಿದರೇ ಉದ್ದಕ್ಕೂ ಸೊನ್ನೆ ಬೀಳುವುದು.

ಎಂಟರ್ ಒತ್ತಿದ ಮೇಲೆ 'ಖಂಡಿತವಾ?' ಅಂತ ಅದು ಕೇಳುವುದಿಲ್ಲ. ಎಷ್ಟಾಯಿತು ಅಂತಲೂ ತೋರಿಸುವುದಿಲ್ಲ. ಕರ್ಸರ್ ಮಿಣಮಿಣ ಅನ್ನುತ್ತಾ ಕೂರುತ್ತದೆ. ಕೆಟ್ಟು ನಿಂತಿತು ಅಂದುಕೊಂಡು ನಡುವೆ ಆಫ್ ಮಾಡಬೇಡಿ. ಲೆಕ್ಕ ಸರಳ. ಹಳೆ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಬರೆಯುತ್ತದೆ ಅಂದುಕೊಂಡರೆ 500 ಜಿಬಿಗೆ 5,000 ಸೆಕೆಂಡ್, ಅಂದರೆ 83 ನಿಮಿಷ. ಡಿಸ್ಕಿನ ಒಳಗಿನ ಸುತ್ತುಗಳಿಗೆ ಬಂದ ಹಾಗೆ ವೇಗ ಇಳಿಯುವುದರಿಂದ ಎರಡು ತಾಸು ಹಿಡಿಯಿರಿ. 1 ಟಿಬಿಗೆ ಅದರ ಎರಡರಷ್ಟು. ಯುಎಸ್‌ಬಿ 2 ಕೇಬಲಿನಲ್ಲಿ ಹೊರಗಿನಿಂದ ಸಿಕ್ಕಿಸಿದ್ದರೆ ಇಡೀ ರಾತ್ರಿ ಬಿಟ್ಟು ಮಲಗಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಡಿಸ್ಕಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಮೊದಲಿನಿಂದ ಶುರು ಮಾಡಬೇಕು ಅಷ್ಟೇ.

ಎರಡು, ಲಿನಕ್ಸ್ ಮಿಂಟ್. ನಾನು ಧಣಿಯ ಕಂಪ್ಯೂಟರಿಗೆ ಮಾಡಿದ್ದು ಇದನ್ನೇ. ಮಿಂಟ್ ಇರುವ ಪೆನ್ ಡ್ರೈವಿನಿಂದ ಬೂಟ್ ಮಾಡಿದರೆ, ಇನ್‌ಸ್ಟಾಲ್ ಮಾಡದೆಯೇ ಪೂರ್ತಿ ಪರದೆ ಬರುತ್ತದೆ. ಮೆನುವಿನಲ್ಲಿ 'ಡಿಸ್ಕ್ಸ್' ಅಂತ ಒಂದು ಆ್ಯಪ್ ಇದೆ. ಎಡಗಡೆ ಡಿಸ್ಕ್ ಆರಿಸಿ, ಮೇಲಿನ ಮೆನುವಿನಲ್ಲಿ 'ಫಾರ್ಮ್ಯಾಟ್ ಡಿಸ್ಕ್' ತೆರೆದು, 'ಇರೇಸ್' ಅನ್ನುವಲ್ಲಿ ಸೊನ್ನೆಗಳಿಂದ ತುಂಬುವ, ಪಕ್ಕದಲ್ಲಿ 'ಸ್ಲೋ' ಅಂತ ಬರೆದಿರುವ ಆಯ್ಕೆ ಹಾಕಿ. ಎಷ್ಟು ಹೊತ್ತು ಬಾಕಿ ಅಂತ ಇದು ತೋರಿಸುತ್ತದೆ. ಕಪ್ಪು ಕಿಟಕಿಗೆ ಹೆದರುವವರಿಗೆ ಇದೇ ವಾಸಿ.

ಡಿಸ್ಕ್ ಅಳಿಸುವ ಡಿಬ್ಯಾನ್ ಅನ್ನುವ ತಂತ್ರಾಂಶದ ಹೆಸರು ಹಳಬರಿಗೆ ಗೊತ್ತಿರಬಹುದು. ಅದರ ಕೊನೆಯ ಆವೃತ್ತಿ ಬಂದದ್ದು 2015ರಲ್ಲಿ, ಹೊಸ ಯಂತ್ರಗಳಲ್ಲಿ ತಕರಾರು ಮಾಡುತ್ತದೆ. ಅದೇ ಬಗೆಯ ಮೆನು ಬೇಕಿದ್ದರೆ ಶ್ರೆಡ್‌ಓಎಸ್ ಬಳಸಿ.

ಎಷ್ಟು ಸಲ ಬಳಿಯಬೇಕು? ಒಂದು ಸಲ. 'ಏಳು ಸಲ ಹೊಡೀತೇವೆ, ಅದಕ್ಕೆ ಬೇರೆ ಚಾರ್ಜ್' ಅನ್ನುವವರಿಗೆ ನಮಸ್ಕಾರ ಹೇಳಿ ಬನ್ನಿ. 35 ಸಲದ ಕಥೆ ಬಂದದ್ದು ಪೀಟರ್ ಗುಟ್‌ಮನ್ ಎಂಬುವರ 1996ರ ಪ್ರಬಂಧದಿಂದ. ಅದು ಆ ಕಾಲದ ಬೇರೆ ಬೇರೆ ಬಗೆಯ ಡಿಸ್ಕುಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಿಡಿದು ಹೇಳಿದ ಮಾತು. ಈಗಿನ ಡಿಸ್ಕಿಗೆ 35 ಸಲ ಅರ್ಥವಿಲ್ಲ ಅಂತ ಅವರೇ ಆಮೇಲೆ ಬರೆದರು. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2014ರ ಮಾರ್ಗಸೂಚಿಯಲ್ಲಿ ಇಂಥ ಡಿಸ್ಕಿಗೆ ಒಂದು ಸುತ್ತು ಬರೆದರೆ ಸಾಕು ಅಂದಿದೆ.

ಎಸ್‌ಎಸ್‌ಡಿ ಬೇರೆ ಜಾತಿ

ಎಸ್‌ಎಸ್‌ಡಿಯೊಳಗೆ ಒಬ್ಬ ಚುರುಕು ವಾಚ್‌ಮನ್ ಇದ್ದಾನೆ ಅಂದುಕೊಳ್ಳಿ. ಒಂದೇ ಮನೆ ಪದೇ ಪದೇ ಸವೆಯಬಾರದು ಅಂತ ಅವನು ಬಂದವರನ್ನು ತನಗೆ ಸರಿ ಕಂಡ ಮನೆಗೆ ಕಳಿಸುತ್ತಾನೆ. '304ಕ್ಕೆ ಸೊನ್ನೆ ಬರಿ' ಅಂದರೆ ಅವನು 712ಕ್ಕೆ ಬರೆದು, ಅದಕ್ಕೇ 304 ಅಂತ ಪಟ್ಟಿ ಹಾಕುತ್ತಾನೆ. ಹಳೆ ಸಾಮಾನು ಹಳೆ ಮನೆಯಲ್ಲೇ. ಮೇಲಾಗಿ ಬೋರ್ಡಿನಲ್ಲಿ ಇಲ್ಲದ ಕೆಲವು ಮನೆಗಳನ್ನು ಅವನು ಕೈಯಲ್ಲೇ ಇಟ್ಟುಕೊಂಡಿರುತ್ತಾನೆ. ಹೊರಗಿನಿಂದ ಎಷ್ಟು ಸೊನ್ನೆ ಬರೆದರೂ ಎಲ್ಲಾ ಕಡೆ ತಲುಪಿತು ಅನ್ನುವ ಖಾತ್ರಿ ಇಲ್ಲ. ಡಿಸ್ಕಿನ ಆಯುಷ್ಯ ಸ್ವಲ್ಪ ಸವೆಯುತ್ತದೆ, ಅಷ್ಟೇ.

ಅದಕ್ಕೇ ಅಳಿಸು ಅಂತ ವಾಚ್‌ಮನ್ನಿಗೇ ಹೇಳಬೇಕು. ಆ ಆಜ್ಞೆಯ ಹೆಸರು ಸೆಕ್ಯೂರ್ ಇರೇಸ್. ಡೆಲ್ ಬಿಸಿನೆಸ್ ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ 'ಡೇಟಾ ವೈಪ್' ಅಂತಲೂ, ಎಚ್‌ಪಿಯ ಅಂಥವುಗಳಲ್ಲಿ 'ಸೆಕ್ಯೂರ್ ಇರೇಸ್' ಅಂತಲೂ ಇರುತ್ತದೆ. ಇಲ್ಲದಿದ್ದರೆ ಎಸ್‌ಎಸ್‌ಡಿ ಮಾಡಿದ ಕಂಪನಿಯ ತಂತ್ರಾಂಶ ಹಾಕಿ. ಸ್ಯಾಮ್‌ಸಂಗ್‌ಗೆ ಮ್ಯಾಜಿಶಿಯನ್, ಕ್ರೂಶಿಯಲ್‌ಗೆ ಸ್ಟೋರೇಜ್ ಎಕ್ಸಿಕ್ಯೂಟಿವ್. ಕೆಲಸ ಬೇಗ ಮುಗಿಯುತ್ತದೆ, ಕೆಲವದರಲ್ಲಿ ಒಂದೆರಡು ನಿಮಿಷವೂ ಬೇಕಿಲ್ಲ. ಅಷ್ಟು ಬೇಗ ಆಯಿತಲ್ಲ ಅಂತ ಅನುಮಾನ ಪಡಬೇಡಿ.

ಇದ್ಯಾವುದೂ ಸಿಗದಿದ್ದರೆ ಇನ್ನೊಂದು ಉಪಾಯ. ಮೊದಲು ಬೀಗ ಹಾಕಿ, ಆಮೇಲೆ ಬೀಗದ ಕೈಯನ್ನೇ ಇಲ್ಲವಾಗಿಸಿ. ವಿಂಡೋಸ್ ಪ್ರೊ ಇದ್ದರೆ ಡಿಸ್ಕಿಗೆ ಬೀಗ ಹಾಕುವ (ಎನ್‌ಕ್ರಿಪ್ಟ್ ಮಾಡುವ) ಬಿಟ್‌ಲಾಕರ್ ಆನ್ ಮಾಡಿ, ಬಳಸಿದ ಜಾಗ ಮಾತ್ರ ಅನ್ನುವುದರ ಬದಲು 'ಇಡೀ ಡ್ರೈವ್' ಆರಿಸಿ. ಹೋಮ್ ಆವೃತ್ತಿಗೆ ವೆರಾಕ್ರಿಪ್ಟ್ ಇದೆ. ಎನ್‌ಕ್ರಿಪ್ಟ್ ಆಗುವುದು ಪೂರ್ತಿ ಮುಗಿದ ಮೇಲೆ ಪೆನ್ ಡ್ರೈವಿನಿಂದ ಬೂಟ್ ಮಾಡಿ ಎಲ್ಲಾ ವಿಭಾಗ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಮೂಲೆಯಲ್ಲಿ ಏನಾದರೂ ಉಳಿದರೂ ಅದು ಹೆಚ್ಚುಕಮ್ಮಿ ಓದಲಾಗದ ಗೊಜ್ಜು. ಅಂದ ಹಾಗೆ, ಲ್ಯಾಪ್‌ಟಾಪ್ ಕೊಂಡ ದಿನವೇ ಎನ್‌ಕ್ರಿಪ್ಟ್ ಮಾಡಿಟ್ಟವರಿಗೆ ಮುಂದೆ ಈ ತಲೆಬಿಸಿಯೇ ಅರ್ಧ ಕಡಿಮೆ.

ಮ್ಯಾಕ್ ಇದ್ದವರು ಪುಣ್ಯವಂತರು. ಎಂ ಸರಣಿಯ ಚಿಪ್ ಅಥವಾ ಟಿ2 ಚಿಪ್ ಇದ್ದು, ಮಾಂಟೆರಿ ಅಥವಾ ಅದರ ನಂತರದ ಆವೃತ್ತಿ ಇದ್ದರೆ 'ಇರೇಸ್ ಆಲ್ ಕಂಟೆಂಟ್ ಅಂಡ್ ಸೆಟ್ಟಿಂಗ್ಸ್' ಒತ್ತಿದರೆ ಮುಗಿಯಿತು. ಅದಕ್ಕಿಂತ ಹಳೆಯ ಮ್ಯಾಕಿನಲ್ಲಿ ಮೊದಲು ಐಕ್ಲೌಡ್ ಸೈನ್ ಔಟ್ ಮಾಡಿ, ಕಮಾಂಡ್ ಮತ್ತು ಆರ್ ಒತ್ತಿ ಆನ್ ಮಾಡಿ, ಡಿಸ್ಕ್ ಯುಟಿಲಿಟಿಯಿಂದ ಅಳಿಸಿ.

ಕಂಪ್ಯೂಟರೇ ಆನ್ ಆಗುತ್ತಿಲ್ಲ ಅಂದರೆ

ಮದರ್‌ಬೋರ್ಡ್ ಸತ್ತರೆ ಡಿಸ್ಕ್ ಸತ್ತಿತು ಅಂತಲ್ಲ. 'ಕೆಟ್ಟಿದೆ, ಭಂಗಾರಕ್ಕೆ (ಗುಜರಿಗೆ) ಹಾಕು' ಅಂತ ಕೊಟ್ಟ ಯಂತ್ರದ ಡಿಸ್ಕ್ ಬೇರೆ ಕಡೆ ಚೆನ್ನಾಗಿಯೇ ಓಡುತ್ತದೆ. ಸ್ಕ್ರೂ ಬಿಚ್ಚಿ ಡಿಸ್ಕ್ ಹೊರತೆಗೆಯಿರಿ. ಸಾಟಾದಿಂದ ಯುಎಸ್‌ಬಿಗೆ ಒಂದು ಕೇಬಲ್ ಬರುತ್ತದೆ, ಗ್ರ್ಯಾಂಟ್ ರೋಡ್ ಸ್ಟೇಶನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಸಿಗುತ್ತದೆ. ಡೆಸ್ಕ್‌ಟಾಪಿನ ದೊಡ್ಡ 3.5 ಇಂಚಿನ ಡಿಸ್ಕ್ ಆದರೆ ಬೇರೆ ಪವರ್ ಅಡಾಪ್ಟರ್ ಇರುವ ಕೇಬಲ್ಲೇ ಬೇಕು, ಅಂಗಡಿಯಲ್ಲಿ ಅದನ್ನು ಹೇಳಿ ಕೇಳಿ. ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ಮೇಲಿನ ಕ್ರಮದಲ್ಲೇ ಅಳಿಸಿ. ಆದರೆ ಈಗ ಡಿಸ್ಕ್ 0 ನಿಮ್ಮ ಚೆನ್ನಾಗಿರುವ ಕಂಪ್ಯೂಟರಿನದೇ ಆಗಿರುತ್ತದೆ! ಮಾಡೆಲ್ ಓದದೆ ಎಂಟರ್ ಒತ್ತಬೇಡಿ.

ಡಿಸ್ಕೇ ಸತ್ತು ಟಕ್ ಟಕ್ ಅನ್ನುತ್ತಿದ್ದರೆ ಮಾತ್ರ ಒಡೆಯುವ ಮಾತು. ಓಡುವ ಡಿಸ್ಕನ್ನು ಸುಮ್ನೆ ಸುತ್ತಿಗೆಯಿಂದ ಕುಟ್ಟುವುದು ನನಗೆ ಸರಿ ಕಾಣುವುದಿಲ್ಲ, ಅದು ಇನ್ನೊಬ್ಬರ ಓದಿಗೆ ಆಗುತ್ತದೆ. ಒಡೆಯಲೇಬೇಕಾದರೆ ನಕ್ಷತ್ರದ ಆಕಾರದ ಟಾರ್ಕ್ಸ್ ಸ್ಕ್ರೂಡ್ರೈವರಿನಿಂದ ಮುಚ್ಚಳ ತೆಗೆದು ಒಳಗಿನ ಹೊಳೆಯುವ ತಟ್ಟೆಗಳನ್ನು ಹಾಳು ಮಾಡಬೇಕು. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಹೆಚ್ಚಾಗಿ ಗಾಜಿನದು, ಚೂರು ಚೂರಾಗಿ ಸಿಡಿಯುತ್ತದೆ. ದಪ್ಪ ಗೋಣಿಚೀಲದಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಯೇ ಪೆಟ್ಟು ಹಾಕಿ. ಎಸ್‌ಎಸ್‌ಡಿ ಆದರೆ ಒಳಗಿನ ಕಪ್ಪು ಚಿಪ್‌ಗಳೇ ಪುಡಿಯಾಗಬೇಕು. ಫ್ರಿಜ್ಜಿನ ಅಯಸ್ಕಾಂತ ಉಜ್ಜಿದರೆ ಯಾವುದಕ್ಕೂ ಏನೂ ಆಗುವುದಿಲ್ಲ. ಬೆಂಕಿಗಂತೂ ಹಾಕಬೇಡಿ, ಹೊಗೆ ವಿಷ.

ಚೂರುಗಳು ಹಸಿ ಕಸಕ್ಕೂ ಅಲ್ಲ, ಭಂಗಾರ್‌ವಾಲಾಗೂ ಅಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು. ಸೊಸೈಟಿಗಳಲ್ಲಿ ಆಗಾಗ ಇ-ತ್ಯಾಜ್ಯ ಸಂಗ್ರಹದ ದಿನ ಇಡುತ್ತಾರೆ, ಸೆಕ್ರೆಟರಿಯನ್ನು ಕೇಳಿ.

ಹೋಯಿತು ಅಂತ ಹೇಗೆ ಗೊತ್ತು

ಸೊನ್ನೆ ಬರೆದ ಡಿಸ್ಕಿನ ಮೇಲೆ, ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡುವ ಮುಂಚೆ, ಮತ್ತೆ ಫೋಟೋರೆಕ್ ಓಡಿಸಿ. ಹಿಂದೆ ಚಹಾ ಕುಡಿಯುವಷ್ಟರಲ್ಲಿ ರಾಶಿ ಹಾಕಿದ್ದು ಈಗ ಕೊನೆತನಕ ಹೋಗಿ ಸೊನ್ನೆ ಫೈಲ್ ಅನ್ನಬೇಕು. ಇನ್ನೂ ಹತ್ತಿರದಿಂದ ನೋಡಬೇಕಾದರೆ ವಿಂಡೋಸಿನಲ್ಲಿ ಎಚ್‌ಎಕ್ಸ್‌ಡಿ ಅನ್ನುವ ಉಚಿತ ತಂತ್ರಾಂಶದಲ್ಲಿ ಡಿಸ್ಕ್ ತೆರೆಯಿರಿ. ಓದಲು ಮಾತ್ರ ಅನ್ನುವ ಟಿಕ್ ಇರಲಿ. ಸಾಲು ಸಾಲಾಗಿ 00 00 00 ಕಾಣುತ್ತದೆ. ಸ್ಕ್ರೋಲ್ ಪಟ್ಟಿಯನ್ನು ನಡುವೆ ಎಲ್ಲಾದರೂ ಎಳೆದು ಬಿಡಿ, ಅಲ್ಲೂ 00. ಧಣಿಗೆ ಇದನ್ನು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ "ಇಷ್ಟು ಚೊಕ್ಕ ನಮ್ಮ ಅಡಿಗೆಮನೆ ಇಲ್ಲ" ಅಂದರು.

ಕೂಡಲೇ ಅವರಿಗೆ ಇನ್ನೊಂದು ನೆನಪಾಯಿತು. ಹೋಟೆಲಿನ ಸಿಸಿಟಿವಿ ರೆಕಾರ್ಡ್ ಮಾಡುತ್ತಿದ್ದ ಹಳೆ ಡಿವಿಆರ್ ಡಬ್ಬಿ ಮಾಳಿಗೆಯಲ್ಲಿ ಬಿದ್ದಿದೆಯಂತೆ. ಅದರಲ್ಲೂ ಹಾರ್ಡ್ ಡಿಸ್ಕ್ ಇರುತ್ತದೆ. ಜೆರಾಕ್ಸ್ ಅಂಗಡಿಯ ದೊಡ್ಡ ಯಂತ್ರಗಳಲ್ಲೂ ಎಷ್ಟೋ ಸಲ ಇರುತ್ತದೆ. ಅವನ್ನು ಮಾರುವವರು ಅದರ ಡಿಸ್ಕನ್ನೂ ಬಿಚ್ಚಿ ಇದೇ ಕ್ರಮದಲ್ಲಿ ತೊಳೆಯಲಿ.

ಕೊಡುವ ದಿನ

ಡಿಸ್ಕ್ ತೊಳೆದ ಮೇಲೆ ಡಬ್ಬಿಯನ್ನೂ ನೋಡಿ. ಮಾನಿಟರಿನ ಅಂಚಿಗೆ ಅಂಟಿಸಿದ ವೈಫೈ ಪಾಸ್‌ವರ್ಡ್, ಕೀಬೋರ್ಡಿನ ಹಿಂದೆ ಪೆನ್ಸಿಲಿನಲ್ಲಿ ಬರೆದ ಬ್ಯಾಂಕ್ ಲಾಗಿನ್, ಇವನ್ನು ಯಾವ ತಂತ್ರಾಂಶವೂ ಅಳಿಸುವುದಿಲ್ಲ. ಗಲ್ಲಾದ ಕಂಪ್ಯೂಟರಿನ ಬದಿಗೆ ಟೇಪಿನಲ್ಲಿ ಜಿಎಸ್‌ಟಿ ಪಾಸ್‌ವರ್ಡೇ ಅಂಟಿಸಿತ್ತು.

ಮಿಂಟ್ ಹಾಕಿ, ಕನ್ನಡ ಕೀಲಿಮಣೆ ಸೇರಿಸಿದೆ. ಕಗಪ ಅನ್ನುವ ವಿನ್ಯಾಸ ಅದರಲ್ಲೇ ಇದೆ, ನುಡಿಯಲ್ಲಿ ಕೈ ಪಳಗಿದವರಿಗೆ ತೊಂದರೆಯಿಲ್ಲ. ಫ್ಯಾನಿನ ಜಿಡ್ಡು ತೆಗೆಯಲು ಡಿಸ್ಕ್ ಅಳಿಸುವುದಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು. ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿದೆ: ಡಿಸ್ಕ್ ಅಳಿಸಿದ ದಿನಾಂಕ, ಹಾಕಿದ ಸಿಸ್ಟಮ್, ಪಾಸ್‌ವರ್ಡ್ ಇಲ್ಲ, ಮೊದಲ ಸಲ ನೀನೇ ಇಟ್ಟುಕೋ.

ಭಾನುವಾರ ಹುಡುಗ ಬಂದು ಸಿಪಿಯುವನ್ನು ಹಳೆ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ಕಲ್ಯಾಣದ ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ಒಯ್ದ. ರಾತ್ರಿ ಫೋನ್. "ಅಣ್ಣ, ಆನ್ ಆಗ್ತದೆ, ಆದ್ರೆ ಟಿವಿಗೆ ಏನೂ ಬರ್ತಾ ಇಲ್ಲ." ವಿಜಿಎ ಕೇಬಲ್ ನಮ್ಮ ಮನೆಯ ಮೇಜಿನ ಮೇಲೆಯೇ ಉಳಿದಿತ್ತು.